ಪಂಪಾವತಿ ಊರು ಕಲಿತ ವರ್ಷ

ಮೊನ್ನೆ ಅಕ್ಕಿ ತರಲು ಸಿರುಗುಪ್ಪಕ್ಕೆ ಹೋಗಿದ್ದೆ. ಬಸ್ಸು ಊರ ಹೊರಗಿನ ರೈಸ್ ಮಿಲ್ಲುಗಳನ್ನು ದಾಟುವಾಗ ಬೇಯಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತವನು ಮೂಗಿಗೆ ಕರ್ಚೀಫು ಹಿಡಿದುಕೊಂಡ. ನನಗೆ ಕರ್ಚೀಫು ಬೇಕಾದದ್ದು ಕಣ್ಣಿಗೆ. ಅರವತ್ತು ದಾಟಿದ ಗಂಡಸು ಭತ್ತದ ವಾಸನೆಗೆ ಕಣ್ಣೀರು ಹಾಕಿದರೆ ನೋಡಿದವರು ಏನಂದುಕೊಂಡಾರು ಎಂದು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಾನು ರಿಟೈರ್ ಆದ ವರ್ಷ ಕಣ್ಣ ಮುಂದೆ ಬಂತು. ಯುಗಾದಿಯಿಂದ ದೀಪಾವಳಿಯ ತನಕ ನಾವು ಗಂಡ ಹೆಂಡತಿ ಇರಲಿಕ್ಕೊಂದು ಊರು ಹುಡುಕಿ, ಅದನ್ನು ಕಲಿತ ವರ್ಷ ಅದು.

ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಬಳ್ಳಾರಿ ಸೀಮೆಯ ಹೊಲಗಳಲ್ಲಿ ಸರಪಳಿ ಹಿಡಿಸಿಕೊಂಡು ನಾನು ನಡೆದಷ್ಟು ಎತ್ತುಗಳೂ ನಡೆದಿರಲಿಕ್ಕಿಲ್ಲ. ಸರಪಳಿ ಎಂದರೆ ನೂರು ಲಿಂಕಿನ ಅಳತೆಯ ಕಬ್ಬಿಣದ ಸರಪಳಿ. ಈಗ ಮಷೀನುಗಳು ಬಂದಿವೆ, ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮದುವೆ ಮನೆಗೆ ಹೋದರೂ ಚಪ್ಪರದ ಕಂಬ ಸಾಲಿಗೆ ಇದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತೇನೆ. ನನ್ನ ಹೆಂಡತಿ ಪಂಪಾವತಿ ಇದಕ್ಕೆ ನಕ್ಕು ನಕ್ಕು ಸಾಕಾಗಿದ್ದಳು. ನಮಗೆ ಮಕ್ಕಳಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದೇ ಬಾಡಿಗೆ ಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದೆವು. ನಾನು ಕ್ಯಾಂಪು ಎಂದು ಊರೂರು ತಿರುಗುತ್ತಿದ್ದೆ, ಅವಳು ಆ ಮನೆಯನ್ನೂ ಓಣಿಯನ್ನೂ ನೋಡಿಕೊಂಡಿದ್ದಳು. ನಾನು ರಿಟೈರ್ ಆದ ತಿಂಗಳೇ ಮನೆ ಮಾಲೀಕರು ಬಂದು, ಹಳೆಯ ಮನೆ ಕೆಡವಿ ಮೂರಂತಸ್ತು ಎತ್ತುತ್ತೇವೆ, ಯುಗಾದಿ ಹಬ್ಬ ಇಲ್ಲೇ ಮುಗಿಸಿಕೊಂಡು ಖಾಲಿ ಮಾಡಿಕೊಡಿ ಎಂದರು. ಒಳ್ಳೆಯ ಜನ, ಬೇಜಾರು ಮಾಡಿಕೊಂಡೇ ಹೇಳಿದರು. ಆದರೆ ನನ್ನ ಪಿಂಚಣಿಗೆ ಬಳ್ಳಾರಿ ಪೇಟೆಯೊಳಗೆ ಅಂಥ ಇನ್ನೊಂದು ಮನೆ ಸಿಗುವುದು ಕನಸಿನ ಮಾತಾಗಿತ್ತು.

ಅದೇ ಹೊತ್ತಿಗೆ ಅವಳ ಕಣ್ಣಿನ ವಿಷಯ ಹೊರಬಿತ್ತು. ನಿಜ ಹೇಳಬೇಕೆಂದರೆ ಅದು ಎರಡು ವರ್ಷದಿಂದ ಹೊರಗೇ ಇತ್ತು, ನಾನು ನೋಡಿರಲಿಲ್ಲ. ಅವಳು ಬಗ್ಗಿಸಿದ ಚಹಾ ಬಸಿಯಿಂದ ಆಚೆಗೆ ಬೀಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತಿದ್ದಳು. ಪಕ್ಕದಿಂದ ಸೈಕಲ್ ಬಂದರೆ ಕಡೆಗಳಿಗೆಯಲ್ಲಿ ಬೆಚ್ಚುತ್ತಿದ್ದಳು. ನಾನು ಪ್ರತಿ ಸಲವೂ, ನೋಡಿ ನಡೀ ಪಂಪಾ, ಕಣ್ಣು ಎಲ್ಲಿಟ್ಟೀ ಎಂದು ಗದರಿದ್ದೇನೆ. ಈ ಮಾತು ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಕೊನೆಗೆ ಕನ್ನಡಕದ ನಂಬರು ಬದಲಿಸೋಣವೆಂದು ಹೋದಾಗ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ ಎಂದರು. ಎಡಗಣ್ಣು ಬಹುಪಾಲು ಹೋಗಿದೆ. ಬಲಗಣ್ಣಿನಲ್ಲಿ ಪಕ್ಕದ ನೋಟವಿಲ್ಲ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗುವುದಿಲ್ಲ, ಕಣ್ಣಿಗೆ ಹಾಕುವ ಹನಿ ಮಾತ್ರ ತಪ್ಪಿಸಬೇಡಿ ಎಂದರು.

ಪಂಪಾವತಿ ಅಳಲಿಲ್ಲ. ನಾವು ಮನೆ ಬದಲಿಸುವುದರಲ್ಲಿದ್ದೇವೆ ಎಂದು ಅವಳೇ ಡಾಕ್ಟರಿಗೆ ಹೇಳಿದಳು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಹಾಗಾದರೆ ಬೇಗ ಬದಲಿಸಿ ಎಂದರು. ಕಣ್ಣು ಇರುವಾಗ ಕಲಿತ ಜಾಗ ಕಣ್ಣು ಹೋದಮೇಲೂ ಕೈ ಬಿಡುವುದಿಲ್ಲವಂತೆ. ಕಣ್ಣು ಹೋದಮೇಲೆ ಹೊಸ ಜಾಗಕ್ಕೆ ಹೋದವರು ಮನೆಯ ಮೂಲೆ ಹಿಡಿದುಬಿಡುತ್ತಾರಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ಅವಳು ಹೇಳಿದಳು: "ಮೂಲಿ ಹಿಡಿಯಾಕಿ ಅಲ್ಲ ನಾ. ಊರು ಹುಡುಕ್ರಿ."

ಹುಡುಕುವುದು ನನ್ನ ಕಸುಬೇ ಆಗಿತ್ತಲ್ಲ. ಒಂದು ನೋಟ್‌ಬುಕ್ಕು ಮಾಡಿದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಆಸ್ಪತ್ರೆ ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ, ಬಾಡಿಗೆ ಎಷ್ಟು, ಕಳ್ಳಕಾಕರ ಕಾಟ ಉಂಟೋ ಇಲ್ಲವೋ. ಮೊದಲು ನನ್ನ ಮನಸ್ಸು ಹೋದದ್ದು ರೂಪನಗುಡಿ ರಸ್ತೆಯ ಕಡೆಯ ಒಂದು ಹೊಸ ಬಡಾವಣೆಗೆ. ಪೇಟೆಯಿಂದ ದೂರ, ಹಾಗಾಗಿ ಬಾಡಿಗೆ ಕಡಿಮೆ. ಸುತ್ತ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಕಂಬಕ್ಕೊಂದು ಕ್ಯಾಮೆರಾ. ಎಲ್ಲಕ್ಕಿಂತ ಹೆಚ್ಚಾಗಿ ಅದರ ರಸ್ತೆಗಳು! ನಲವತ್ತು ಅಡಿಯ ರಸ್ತೆಗೆ ಮೂವತ್ತು ಅಡಿಯ ರಸ್ತೆ ಸರಿಯಾಗಿ ತೊಂಬತ್ತು ಡಿಗ್ರಿಯ ಕಾಟಕೋನದಲ್ಲಿ ಕೂಡುತ್ತಿತ್ತು, ಒಂದು ಲಿಂಕಿನ ಹೆಚ್ಚುಕಡಿಮೆ ಇಲ್ಲ. ಕಣ್ಣಿಲ್ಲದವರಿಗೆ ನೆಟ್ಟಗಿನ ದಾರಿಗಿಂತ ಒಳ್ಳೆಯದು ಏನಿದೆ ಎಂದು ನನಗೆ ನಾನೇ ಭೇಷ್ ಎಂದುಕೊಂಡೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಖಾಲಿ ಮನೆ ಅಲ್ಲಿತ್ತು. ಎರಡು ವಾರ ಇದ್ದು ನೋಡಿ ಎಂದು ಬೀಗದ ಕೈ ಕೊಟ್ಟರು.

ಮೊದಲ ದಿನವೇ ಅವಳ ಕೈ ಹಿಡಿದು ದಾರಿ ತೋರಿಸಿದೆ. ಮನೆಯಿಂದ ನೂರಾ ನಲವತ್ತು ಹೆಜ್ಜೆ, ಎಡಕ್ಕೆ ತಿರುಗಿ ಎಂಬತ್ತು ಹೆಜ್ಜೆ, ಅಲ್ಲಿ ಕಿರಾಣಿ ಅಂಗಡಿ. ಬಾಯಿಪಾಠ ಮಾಡಿಸಿದೆ. ಶಾಲೆಗೆ ಹೋಗುವ ಹುಡುಗಿಯ ಹಾಗೆ ಒಪ್ಪಿಸಿದಳು. ಮೂರನೆಯ ದಿನ ಮಧ್ಯಾಹ್ನ ನಾನು ಮಲಗಿದ್ದಾಗ ಒಬ್ಬಳೇ ಕೊತ್ತಂಬರಿ ತರಲು ಹೋದಳು. ಎದ್ದು ನೋಡಿದರೆ ಆಳಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ಲ, ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ನಾಲ್ಕು ರಸ್ತೆ ಓಡಿದೆ. ಐದನೆಯದರಲ್ಲಿ ಒಂದು ಕರೆಂಟ್ ಕಂಬ ಹಿಡಿದುಕೊಂಡು ನಿಂತಿದ್ದಳು, ಸೆರಗು ತಲೆಯ ಮೇಲೆ, ಮುಖ ಕೆಂಡವಾಗಿತ್ತು. ಅರ್ಧ ತಾಸಿನಿಂದ ನಿಂತಿದ್ದಳಂತೆ.

ಭಯ ಸಿಟ್ಟಾಗಿ ಬಂತು ನನಗೆ. ಪ್ರತಿ ಗೋಡೆಯ ಮೇಲೂ ನಂಬರು ಬರೆದಿದೆಯಲ್ಲ ಎಂದೆ. ನಂಬರು ಕಾಣುವವಳಾದರೆ ನಿಮ್ಮನ್ನೇಕೆ ಕಟ್ಟಿಕೊಂಡು ಊರು ಹುಡುಕುತ್ತಿದ್ದೆ ಎಂದಳು. ಯಾರನ್ನಾದರೂ ಕೂಗಿ ಕೇಳಬಾರದಿತ್ತೆ ಎಂದರೆ, ಕೂಗಿದೆ, ಎಲ್ಲರ ಬಾಗಿಲೂ ಮುಚ್ಚಿತ್ತು, ಒಳಗೆ ಏಸಿ ಓಡುವ ಸದ್ದು ಬಿಟ್ಟರೆ ಉತ್ತರ ಬರಲಿಲ್ಲ ಎಂದಳು. ನಾನು ಗೇಟಿಗೆ ಹೋಗಿ ಕಾವಲುಗಾರನ ಮೇಲೆ ಹರಿಹಾಯ್ದೆ. ಪಾಪ, ಅವನು ಎದ್ದು ನಿಂತು, ಒಳಗೆ ಬರುವವರನ್ನು ತಡೆಯಲು ನನಗೆ ಹೇಳಿದ್ದಾರೆ, ಒಳಗೆ ಇರುವವರನ್ನು ಕೇಳಲು ಯಾರೂ ಹೇಳಿಲ್ಲ ಎಂದ. ಅವನದೇನು ತಪ್ಪು?

ಆ ಸಂಜೆ ಅವಳು ಸಮಾಧಾನವಾಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಇಲ್ಲಿ ಎಲ್ಲಾ ಒಂದ ಥರ ಐತ್ರಿ. ಕೈಗೆ ಹತ್ತೂದಿಲ್ಲ, ಕಿವಿಗೆ ಹತ್ತೂದಿಲ್ಲ. ಎದರ ಗುರ್ತು ಹಿಡಕೊಂಡು ತಿರುಗ್ಲಿ ನಾ?" ಮೂವತ್ತನಾಲ್ಕು ವರ್ಷ ಗೆರೆ ಎಳೆದವನಿಗೆ ಗೆರೆಯೇ ದೊಡ್ಡದಾಗಿ ಕಂಡಿತ್ತು. ನೋಟ್‌ಬುಕ್ಕಿನ ಆ ಪುಟಕ್ಕೆ ಅಡ್ಡ ಗೀಟು ಹಾಕಿದೆ.

ಬೇರೆ ಮನೆ ಸಿಗುವ ತನಕ ಅಲ್ಲೇ ದಿನ ದೂಡಿ, ಜೂನ್ ತಿಂಗಳಲ್ಲಿ ಸಿರುಗುಪ್ಪಕ್ಕೆ ಹೋದೆವು. ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಬಾಡಿಗೆ ಬಳ್ಳಾರಿಯ ಅರ್ಧ. ಮಾಲೀಕಿ ಅಚ್ಚಮ್ಮ ಎಂಬ ಮುದುಕಿ, ತೆಲುಗು ಮಾತಾಡುವವಳು, ಪಕ್ಕದ ಮನೆಯಲ್ಲೇ ಇದ್ದಳು. ಪಂಪಾವತಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಇಬ್ಬರೂ ಎರಡನೆಯ ದಿನವೇ ಒಂದೇ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ತಿಂದು ಬರುವುದು ನಮಗೆ ರೂಢಿಯಾಯಿತು.

ಅಲ್ಲಿ ಅವಳಿಗೆ ಕಲಿಸುವ ಕೆಲಸ ನನಗೆ ಬೀಳಲೇ ಇಲ್ಲ. ಭತ್ತ ಬೇಯುವ ವಾಸನೆ ಯಾವ ಕಡೆಯಿಂದ ಬರುತ್ತದೆಯೋ ಆ ಕಡೆ ಮಿಲ್ಲು, ಅದಕ್ಕೆ ಬೆನ್ನು ಮಾಡಿದರೆ ಪೇಟೆ. ಲಾರಿಗಳ ಹಾರ್ನ್ ಕೇಳಿದರೆ ದೊಡ್ಡ ರಸ್ತೆ. ಹತ್ತೇ ದಿನದಲ್ಲಿ ಅವಳು ಒಬ್ಬಳೇ ಪೇಟೆಗೆ ಹೋಗಿ ಬರತೊಡಗಿದಳು. ಆ ಕಿಂಡಿಯಷ್ಟು ನೋಟವನ್ನು ಪೂರ್ತಿ ಬಳಸಿ, ಕಟ್ಟೆ, ಗಟಾರ, ಗಿಡ, ಎಲ್ಲ ನೋಡಿ ನೋಡಿ ಒಳಗೆ ತುಂಬಿಕೊಳ್ಳುತ್ತಿದ್ದಳು. ನಾನು ಖುಷಿಯಿಂದ ಅಚ್ಚಮ್ಮನಿಗೆ ಮುಂಗಡ ಕೊಡುವ ಮಾತಾಡಿದೆ.

ಮನೆಗೂ ಪೇಟೆಗೂ ನಡುವೆ ಒಂದು ಕಾಲುವೆ ಇತ್ತು. ನಾವು ಹೋದಾಗ ಅದು ಒಣಗಿತ್ತು, ಮಕ್ಕಳು ಅದರೊಳಗೆ ಕ್ರಿಕೆಟ್ ಆಡುತ್ತಿದ್ದರು. ಮೇಲೆ ದಾಟಲು ಎರಡು ಚಪ್ಪಡಿ ಕಲ್ಲು, ಪಕ್ಕಕ್ಕೆ ಕಂಬಿ ಗಿಂಬಿ ಏನೂ ಇಲ್ಲ. ಮಳೆಗಾಲಕ್ಕೆ ಕಾಲುವೆಗೆ ನೀರು ಬಿಟ್ಟರು. ನೀರು ಬಂದ ದಿನ ಊರಿಗೇ ಹಬ್ಬ. ಓಣಿಯ ಹೆಂಗಸರೆಲ್ಲ ಅರಿಷಿಣ ಕುಂಕುಮ ಹಾಕಿ ಕಾಯಿ ಒಡೆದರು. ಪಂಪಾವತಿಯೂ ಹೋಗಿ ಬಂದು, ನೀರಿನ ಸದ್ದು ಬಂತಲ್ಲ, ಇನ್ನು ಚಪ್ಪಡಿ ಎಲ್ಲಿದೆ ಎಂದು ಹುಡುಕುವುದೇ ಬೇಡ ಎಂದಳು. ನನಗೆ ಮಾತ್ರ ಅಂದಿನಿಂದ ಊಟ ರುಚಿಸಲಿಲ್ಲ. ಅವಳು ಪೇಟೆಗೆ ಹೊರಟರೆ ಏನಾದರೊಂದು ನೆಪ ತೆಗೆದು ಹಿಂದೆ ಹೋಗುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಹಾಗೇ ಹಿಂದೆ ಹೋಗುವಾಗ, ಅವಳು ಎಡಗಾಲು ಚಪ್ಪಡಿಯ ಅಂಚಿನ ಮೇಲೆ ಇಟ್ಟದ್ದು ಕಂಡಿತು. ಪಂಪಾ ಎಂದು ಕಿರುಚಿದೆ. ಅವಳು ಬೆಚ್ಚಿ ತಿರುಗಿದಳು, ತಿರುಗಿದ ರಭಸಕ್ಕೆ ಜೋಲಿ ಹೊಡೆದಳು, ಕೈಚೀಲ ನೀರಿಗೆ ಬಿತ್ತು. ಎದುರಿನಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಅವಳ ತೋಳು ಹಿಡಿಯದಿದ್ದರೆ ಅವಳೂ ಚೀಲದ ಹಿಂದೆ ಹೋಗಿರುತ್ತಿದ್ದಳು. ಕಾಲು ಅಂಚಿನಲ್ಲಿ ಇಟ್ಟದ್ದು ತಪ್ಪಿ ಅಲ್ಲ. ಕಾಲಿನಿಂದ ಅಂಚು ತಡವಿ ನೋಡಿಕೊಂಡೇ ಅವಳು ದಿನಾ ದಾಟುತ್ತಿದ್ದಳು. ಬೀಳಿಸಲು ಹೋದದ್ದು ನನ್ನ ಕೂಗು.

ಮನೆಗೆ ಬಂದು ನಾನು ಗಂಟು ಕಟ್ಟತೊಡಗಿದೆ. ಈ ಊರು ಬೇಡ, ನೀರಿನ ಜೊತೆ ಆಟ ಬೇಡ ಎಂದೆ. ಅವಳು ನಮ್ಮ ಮದುವೆಯಾದಾಗಿನಿಂದ ಎತ್ತದಷ್ಟು ದನಿ ಎತ್ತಿದಳು. "ನಿಮ್ಮ ಅಂಜಿಕೀಗೆ ನಾ ಎಷ್ಟು ಊರು ಬಿಡ್ಲಿ? ಕಣ್ಣು ನಂದು ಹೊಂಟಾವು, ಬೀಳಾಕ ಹತ್ತಿದವ್ರು ನೀವು." ಆಮೇಲೆ ಅತ್ತಳು. ಡಾಕ್ಟರ ಹತ್ತಿರವೂ ಅಳದವಳು ಅಂದು ಅತ್ತಳು. ಎರಡು ತಿಂಗಳು ಕಲಿತದ್ದೆಲ್ಲ ನೀರು ಪಾಲಾಯಿತಲ್ಲ ಎಂಬುದು ಅವಳ ಸಂಕಟ. ಅವಳ ಹತ್ತಿರ ಇದ್ದದ್ದೇ ಲೆಕ್ಕದ ದಿನಗಳು, ಅದರಲ್ಲಿ ಎರಡು ತಿಂಗಳು ನನ್ನ ಒಂದು ಕೂಗಿಗೆ ಹೋಯಿತು. ಸಂಜೆ ಮುಖ ತೊಳೆದುಕೊಂಡು ಬಂದು, ಊರು ಒಳ್ಳೆಯದೇ, ಆದರೆ ನೀವು ಇಲ್ಲಿ ಬಾಳುವುದಿಲ್ಲ, ನಡೆಯಿರಿ ಎಂದಳು. ಅಚ್ಚಮ್ಮ ಬಸ್ ಸ್ಟ್ಯಾಂಡಿನ ತನಕ ಬಂದು ಅವಳ ಉಡಿಯಲ್ಲಿ ಅಕ್ಕಿ ಹಾಕಿ ಕಳಿಸಿದಳು.

ಶ್ರಾವಣ ಹಿಡಿದಾಗ ಕುರುಗೋಡಿಗೆ ಬಂದೆವು. ನಾನು ಹಿಂದೆ ಅಲ್ಲಿ ಕೆಲಸ ಮಾಡಿದ್ದೆ, ಆ ಪರಿಚಯದವರೊಬ್ಬರು ಹಳೆಯ ಓಣಿಯಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕಿದೆ, ಕೈಗೆಟುಕುವ ಬೆಲೆ ಎಂದಿದ್ದರು. ಬಂಡೆಗಲ್ಲಿನ ಗುಡ್ಡದ ಬುಡದಲ್ಲಿರುವ ಓಣಿ ಅದು. ನೋಡಿದೊಡನೆ ನನಗೆ ತಲೆನೋವು ಬಂತು. ಒಂದು ಗೋಡೆ ಇನ್ನೊಂದಕ್ಕೆ ನೆಟ್ಟಗೆ ಕೂಡಿರಲಿಲ್ಲ. ಓಣಿ ಒಂದು ಕಡೆ ಎತ್ತಿನ ಗಾಡಿ ಹೋಗುವಷ್ಟು ಅಗಲ, ಹತ್ತು ಮಾರು ಮುಂದೆ ಒಬ್ಬರು ಸರಿದರೆ ಇನ್ನೊಬ್ಬರಿಗೆ ದಾರಿ. ಜನವೋ, ಚೀಲ ಕೆಳಗಿಡುವ ಮೊದಲೇ, ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಯಾಕೆ ಇಲ್ಲ, ಎಲ್ಲ ಕೇಳಿ ಮುಗಿಸಿದರು. ನನ್ನ ಉಸಾಬರಿ ಇವರಿಗೇಕೆ ಎಂದು ನಾನು ಹಲ್ಲು ಕಡಿದೆ. ಪಂಪಾವತಿ ಎಲ್ಲಕ್ಕೂ ಉತ್ತರ ಹೇಳುತ್ತ ನಿಂತಿದ್ದಳು.

ಮನೆಯ ಹಳೆಯ ಕ್ರಯಪತ್ರ ನನ್ನ ಕೈಗೆ ಕೊಟ್ಟರು. ಪತ್ರದಲ್ಲಿ ಚಕ್ಕುಬಂದಿ ಇರುತ್ತದೆ, ಅಂದರೆ ಮನೆಯ ನಾಲ್ಕು ದಿಕ್ಕಿಗೆ ಯಾರ ಯಾರ ಆಸ್ತಿ ಇದೆ ಎಂಬ ವಿವರ. ಕೆಲಸದ ಚಟಕ್ಕೆ ಗಟ್ಟಿಯಾಗಿ ಓದಿದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖುಲ್ಲಾ ಜಾಗ. ಕೇಳುತ್ತಿದ್ದ ಮಾರುವವರು, ಅವರು ಸತ್ತು ನಲವತ್ತು ವರ್ಷವಾಯಿತು, ಇವರೂ ಇಲ್ಲ ಎನ್ನುತ್ತ ಬಂದರು. ಪಂಪಾವತಿ ನನ್ನನ್ನು ತಡೆದಳು. "ಸತ್ತವರ ಹೆಸರು ತಗೊಂಡು ಏನ್ ಮಾಡ್ತೀರಿ? ಈಗ ಯಾರದಾರ ಅನ್ನೋದು ನಾ ಹೋಗಿ ನೋಡ್ಕೊಂಡು ಬರ್ತೀನಿ, ನೀವು ಇಲ್ಲೇ ಕುಂದರ್ರಿ."

ಹೋದವಳು ಎರಡು ತಾಸು ಬರಲಿಲ್ಲ. ನಾನು ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತೇ ಇದ್ದೆ, ಸಿರುಗುಪ್ಪದಲ್ಲಿ ಆದದ್ದನ್ನು ನೋಡಿದ ಮೇಲೆ ಕೂಗುವ ಧೈರ್ಯವಿರಲಿಲ್ಲ. ಬಂದಾಗ ಅವಳ ಸೆರಗಿಗೆ ಹಿಟ್ಟು ಮೆತ್ತಿತ್ತು, ತಲೆಯಲ್ಲಿ ಹತ್ತಿಯ ಎಳೆ ಸಿಕ್ಕಿತ್ತು. ಪೂರ್ವಕ್ಕೆ ನಾಗಮ್ಮನ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ, ಮುಂಜಾನೆಯಿಂದ ಕತ್ತಲಾಗುವ ತನಕ ಓಡುತ್ತದೆ. ಪಶ್ಚಿಮಕ್ಕೆ ಖಾಸಿಂಸಾಬರು, ಗಾದಿ ಹೊಲಿಯುವವರು, ಅಂಗಳದಲ್ಲಿ ಕೋಲಿನಿಂದ ಹತ್ತಿ ಬಡಿಯುವ ಸದ್ದು ಇದ್ದೇ ಇರುತ್ತದೆ. ದಕ್ಷಿಣಕ್ಕೆ ಬೇವಿನ ಮರ, ಅದರ ಕೆಳಗೆ ಸೊಪ್ಪು ಮಾರುವವರು ಕೂರುತ್ತಾರೆ. ಉತ್ತರಕ್ಕೆ ಗುಡ್ಡ, ಹಗಲೆಲ್ಲ ಕಾದ ಬಂಡೆ ಸಂಜೆಗೆ ಕೆನ್ನೆಗೆ ಬಿಸಿ ಹೊಡೆಯುತ್ತದೆ. ಇಷ್ಟನ್ನೂ ಹೇಳಿ, ಇದೇ ನನ್ನ ಚಕ್ಕುಬಂದಿ, ಬರೆದುಕೊಳ್ಳಿ ಎಂದಳು. ರಿಟೈರ್ ಆದಾಗ ಬಂದ ಹಣದಲ್ಲಿ ಮನೆ ತಗೊಂಡೆವು.

ಕುರುಗೋಡಿನಲ್ಲಿ ಒಂದು ಶರತ್ತು ಹಾಕಿದಳು. ನಾನು ಹಿಂದೆ ಬರಬಾರದು. ಹೆಜ್ಜೆ ಎಣಿಸಿ ಕೊಡಬಾರದು. ಕೂಗಲಂತೂ ಕೂಡದು. ನಾನು ಒಪ್ಪಿದೆ, ಒಪ್ಪದೆ ಎಲ್ಲಿ ಹೋಗಲಿ? ಮೊದಮೊದಲು ಅವಳು ಹೊರಗೆ ಹೋದಾಗ ಬಾಗಿಲಲ್ಲಿ ನಿಂತು ಬೆವರುತ್ತಿದ್ದೆ. ಆಮೇಲೆ ರೂಢಿಯಾಯಿತು. ಬೆಳಿಗ್ಗೆ ಗಿರಣಿಗೆ, ಅಲ್ಲಿಂದ ಸೊಪ್ಪಿಗೆ, ಸೋಮವಾರ ದೊಡ್ಡ ಬಸವಣ್ಣನ ಗುಡಿಗೆ. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದಳು. ಖಾಸಿಂಸಾಬರ ಹೆಂಡತಿಯ ಜೊತೆ ಕೂತು ಗಾದಿಗೆ ಹೊಲಿಗೆ ಹಾಕುವುದನ್ನೂ ಕಲಿತಳು. ನಾನು ಓಣಿಯ ಗಂಡಸರಿಗೆ ಹೊಲದ ಗಡಿ ತಕರಾರು ಬಿಡಿಸಿಕೊಡುತ್ತ, ಸರ್ವೇ ಸಾಹೇಬ್ರು ಎನಿಸಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕೇಳಿದವರಿಗೆಲ್ಲ, ಕುರುಗೋಡಿನ ಗಾಳಿ ಒಳ್ಳೆಯದು, ಕಣ್ಣು ಇದ್ದಲ್ಲಿಗೇ ನಿಂತಿದೆ ನೋಡಿ ಎನ್ನುತ್ತಿದ್ದೆ.

ಟೀವಿ ಹಚ್ಚುವುದನ್ನು ಬಿಟ್ಟಳು, ಧಾರಾವಾಹಿಗಳು ಕೆಟ್ಟುಹೋಗಿವೆ ಎಂದಳು. ಪೇಪರನ್ನು ನನ್ನ ಕೈಗೆ ಕೊಟ್ಟು, ನಿಮ್ಮ ಬಾಯಲ್ಲಿ ಕೇಳಿದರೇ ಚೆಂದ ಎನ್ನುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ದನಿಯನ್ನು ಯಾರೂ ಚೆಂದ ಎಂದಿರಲಿಲ್ಲ. ನಾನು ಉಬ್ಬಿಹೋಗಿ ಸಂಪಾದಕರಿಗೆ ಬಂದ ಪತ್ರಗಳನ್ನೂ ಬಿಡದೆ ಓದಿದೆ. ಮೂರು ತಿಂಗಳಿಗೊಮ್ಮೆ ಬರಬೇಕೆಂದು ಡಾಕ್ಟರು ಹೇಳಿದ್ದು ನೆನಪಿಸಿದಾಗಲೆಲ್ಲ, ದಸರಾ ಆಗಲಿ, ಮಳೆ ಬಿಡಲಿ, ದೀಪಾವಳಿ ಆಗಲಿ ಎಂದು ಮುಂದೆ ಹಾಕುತ್ತ ಬಂದಳು.

ದೀಪಾವಳಿ ಮುಗಿದ ಮೇಲೆ ಬಳ್ಳಾರಿಗೆ ಹೋದೆವು. ಡಾಕ್ಟರ ಮುಂದೆ ಕೂತು ನಾನೇ ಶುರು ಮಾಡಿದೆ: ಒಬ್ಬಳೇ ಪೇಟೆಗೆ ಹೋಗುತ್ತಾಳೆ, ಅಡುಗೆ ಮಾಡುತ್ತಾಳೆ, ಗಾದಿ ಹೊಲಿಯುತ್ತಾಳೆ, ಹನಿ ಒಂದು ಹೊತ್ತೂ ತಪ್ಪಿಸಿಲ್ಲ. ಅವರು ಕೇಳುತ್ತ ಕೇಳುತ್ತ ದೀಪ ಹಿಡಿದು ಬಲಗಣ್ಣನ್ನು ನೋಡಿದರು. ಇನ್ನೊಮ್ಮೆ ನೋಡಿದರು. ದೀಪ ಆರಿಸಿ ನನ್ನ ಕಡೆ ತಿರುಗಲಿಲ್ಲ, ಅವಳ ಕಡೆಗೇ ಬಾಗಿ ಮೆಲ್ಲಗೆ ಕೇಳಿದರು, ಎಷ್ಟು ದಿನ ಆಯ್ತಮ್ಮಾ ಎಂದು.

"ದಸರಾದ ಹೊತ್ತಿಗೆ ಪೂರಾ ಹೋತ್ರಿ," ಎಂದಳು ಪಂಪಾವತಿ.

ನಾನು ನಕ್ಕೆ. ನಿಜವಾಗಿ ನಕ್ಕೆ, ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಡಾಕ್ಟರ ಮುಖ ನೋಡಿದ ಮೇಲೆ ನಗು ನಿಂತಿತು. ದಿನಾ ಎರಡು ಹೊತ್ತು ಆ ಕಣ್ಣಿನ ರೆಪ್ಪೆ ಎತ್ತಿ ಹನಿ ಹಾಕಿದವನು ನಾನು. ಒಂದು ಗೇಣು ದೂರದಿಂದ ದಿನಾ ಅದರೊಳಗೆ ನೋಡಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಯಾರಿಗೆಲ್ಲ ಗೊತ್ತು ಎಂದು ಕೊನೆಗೆ ಕೇಳಿದೆ. ಓಣಿಗೆಲ್ಲ ಗೊತ್ತು ಎಂದಳು. ಯಾರೂ ಸಾಹೇಬ್ರ ಮುಂದೆ ಬಾಯಿ ಬಿಡಬಾರದು ಎಂದು ಅವಳೇ ಆಣೆ ಹಾಕಿಸಿದ್ದಳಂತೆ. ಆಗ ನನಗೆ ಒಂದೊಂದೇ ಹೊಳೆಯತೊಡಗಿತು. ಓಣಿಯ ಹುಡುಗರು ಬೈಕುಗಳನ್ನು ಒಂದೇ ಪಕ್ಕಕ್ಕೆ ನಿಲ್ಲಿಸತೊಡಗಿದ್ದರು, ನಾನು ಅದನ್ನು ನನ್ನ ಶಿಸ್ತಿನ ಪಾಠದ ಫಲ ಎಂದುಕೊಂಡಿದ್ದೆ. ಖಾಸಿಂಸಾಬರು ಒಂದು ಬೆಳಿಗ್ಗೆ ಗಟಾರದ ಮೇಲೆ ಹೊಸ ಚಪ್ಪಡಿ ಕೂರಿಸುತ್ತಿದ್ದರು, ನಾನು ಪಕ್ಕದಲ್ಲೇ ನಿಂತು ಮಟ್ಟ ಸರಿಯಿಲ್ಲ ಎಂದಿದ್ದೆ. ಜೋಳ ಇಲ್ಲದ ಹೊತ್ತಿನಲ್ಲೂ ನಾಗಮ್ಮ ಗಿರಣಿ ಓಡಿಸುತ್ತಿದ್ದಳು, ಕರೆಂಟ್ ಬಿಲ್ಲಿನ ಚಿಂತೆ ಇಲ್ಲವೇ ನಿನಗೆ ಎಂದು ಬುದ್ಧಿ ಹೇಳಿದ್ದೆ. ನಗುತ್ತ ಹೌದ್ರಿ ಸಾಹೇಬ್ರ ಎಂದಿದ್ದಳು.

ಮೂವತ್ತು ವರ್ಷ ಜೊತೆಗಿದ್ದವನಿಗೆ ಹೇಳದೆ ಎರಡೂವರೆ ತಿಂಗಳ ನೆರೆಯವರಿಗೆ ಹೇಳಿದೆಯಲ್ಲ ಎಂದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಹೇಳಿದ್ರ ನೀವು ಕೈ ಹಿಡೀತಿದ್ರಿ. ಕೈ ಹಿಡಿದಿದ್ರ ನಾ ಊರು ಕಲೀತಿದ್ದಿಲ್ಲ."

ಸಿಟ್ಟೂ ಇತ್ತು, ನಾಚಿಕೆಯೂ ಇತ್ತು, ಅವಳು ಆ ಕತ್ತಲು ಇಳಿದ ದಿನ ಒಬ್ಬಳೇ ಹೇಗೆ ಕೂತಿದ್ದಳೋ ಎಂಬ ಸಂಕಟ ಎಲ್ಲಕ್ಕಿಂತ ಹೆಚ್ಚಾಗಿತ್ತು. ಅಂದು ಏನು ಮಾಡಿದೆ ಎಂದು ಕೇಳಿದೆ. ನಾಗಮ್ಮನ ಗಿರಣಿಯಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು ಅತ್ತಳಂತೆ. ಗಿರಣಿ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ. ಆಮೇಲೆ ಮನೆಗೆ ಬಂದು ನನಗೆ ರೊಟ್ಟಿ ಬಡಿದು ಹಾಕಿದಳಂತೆ. ಆ ರೊಟ್ಟಿ ತಿಂದ ನೆನಪೂ ನನಗಿಲ್ಲ.

ಕುರುಗೋಡಿನಲ್ಲಿ ಬಸ್ಸು ಇಳಿದೆವು. ಕೈ ಕೊಡಲೋ ಬೇಡವೋ ತಿಳಿಯದೆ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅವಳು ಸೆರಗು ಸರಿ ಮಾಡಿಕೊಂಡಳು, ನನ್ನ ಉಸಿರು ಎಲ್ಲಿದೆ ಎಂದು ಕಿವಿಗೊಟ್ಟು, ಆ ಕಡೆಗೆ ತನ್ನ ಕೈ ಚಾಚಿದಳು.

"ಈಗ ಹಿಡೀರಿ," ಎಂದಳು. "ಕಲತಾಗೈತಿ."

ನಮ್ಮ ವಯಸ್ಸಿನ ಗಂಡ ಹೆಂಡತಿ ಓಣಿಯಲ್ಲಿ ಕೈ ಹಿಡಿದು ನಡೆಯುವ ಪದ್ಧತಿ ನಮ್ಮ ಕಡೆ ಇಲ್ಲ. ಕಟ್ಟೆಯ ಮೇಲಿದ್ದವರೆಲ್ಲ ನೋಡುತ್ತಿದ್ದರು. ಹಿಡಿದುಕೊಂಡೇ ಮನೆಯ ತನಕ ನಡೆದೆವು.